ಸಿಪ್ಪೆ ಟೀಮಿನ ಹನ್ನೊಂದು ಹೆಸರು

ಚನ್ನಗಿರಿಯ ಹಾಲೇಶಪ್ಪನ ಅಡಿಕೆ ಮಂಡಿಯ ರೈಟರು ಕಾಲೋನಿಗೆ ಬೈಕಿನಲ್ಲಿ ಬಂದ. ಇಳಿಯಲಿಲ್ಲ. ಗಾಡಿಯ ಮೇಲೆ ಕೂತೇ ಚಿಕ್ಕಹನುಮಂತಪ್ಪನನ್ನು ಕೂಗಿ ಕರೆದ.

"ನೋಡಪ್ಪ, ಬರೋ ತಿಂಗಳು ಫುಟ್‌ಬಾಲ್ ಕ್ಲಬ್ಬಿಂದು ಐವತ್ತನೇ ವರ್ಷದ ಸಮಾರಂಭ. ಹೊನ್ನಾಳಿ, ನ್ಯಾಮತಿ, ಜಗಳೂರು ಟೀಮೆಲ್ಲ ಬರ್ತಾವೆ. ಮೈದಾನಕ್ಕೆ ಸುಣ್ಣದ ಗೆರೆ ನೀನೇ ಹಾಕ್ಬೇಕಂತೆ. ಆಮೇಲೆ ಸ್ಟೇಜಿನ ಮ್ಯಾಲೆ ನಿಂಗೊಂದು ಶಾಲು ಹೊದಿಸ್ತಾರೆ."

"ಶಾಲು ಯಾತಕ್ಕೆ?"

"ಮೈದಾನದ ಸೇವಕ ಅಂತ."

"ನಾನು ಆಡಿದೋನು ಕಣಪ್ಪ."

"ಅದೆಲ್ಲ ನಂಗೊತ್ತಿಲ್ಲ. ಕಾರ್ಡಿನಾಗೆ ಹಂಗೈತೆ." ಕಾರ್ಡನ್ನು ಅವನ ಕೈಗೆ ತುರುಕಿ ರೈಟರು ಬೈಕು ತಿರುಗಿಸಿಕೊಂಡು ಹೋದ.

ಚಿಕ್ಕಹನುಮಂತಪ್ಪನಿಗೆ ಅರವತ್ತೆಂಟು ವರ್ಷ. ಮೂವತ್ತೈದು ದಾಟಿದ ಮೇಲೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವನು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ. 'ನಾಗೇಂದ್ರಪ್ಪ ಫುಟ್‌ಬಾಲ್ ಕ್ಲಬ್. ಸ್ಥಾಪಕರು: ದಿವಂಗತ ನಾಗೇಂದ್ರಪ್ಪನವರು.' ಕ್ಲಬ್ಬಿನ ಹೆಸರು ಯಾವಾಗ ಬದಲಾಯಿತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಯಾರೂ ಅವನನ್ನು ಕೇಳಿರಲಿಲ್ಲ. ಸೇವಕನನ್ನು ಯಾರು ಕೇಳುತ್ತಾರೆ?

ನಾಗೇಂದ್ರಪ್ಪ ಎಂದರೆ ಹಾಲೇಶಪ್ಪನ ಅಪ್ಪ. ಆ ಪುಣ್ಯಾತ್ಮ ತನ್ನ ಆಯುಷ್ಯದಲ್ಲಿ ಒಂದು ಸಲವೂ ಚೆಂಡು ಒದ್ದವನಲ್ಲ. ಚೆಂಡು ಹೋಗಲಿ, ಆ ಹುಡುಗರು ನಿಂತ ಗಾಳಿಗೂ ಮೂಗು ಮುಚ್ಚಿಕೊಳ್ಳುತ್ತಿದ್ದ. ಈಗ ಅವನೇ ಸ್ಥಾಪಕ.

ಎಪ್ಪತ್ತಾರನೇ ಇಸವಿಯಲ್ಲಿ ಅಲ್ಲಿ ಮೈದಾನವೇ ಇರಲಿಲ್ಲ. ಊರಿನ ಅಡಿಕೆ ಸುಲಿಯುವ ಕಣಗಳಿಂದ ಸಿಪ್ಪೆ ತಂದು ಸುರಿಯುವ ತಿಪ್ಪೆ ಇತ್ತು. ಆಳುದ್ದದ ತಿಪ್ಪೆ. ಹೈಸ್ಕೂಲು ಮೈದಾನದ ಗೋಡೆಯೊಳಗೆ ಕಾಲೋನಿಯ ಹುಡುಗರಿಗೂ ಮೊಹಲ್ಲಾದ ಹುಡುಗರಿಗೂ ಪ್ರವೇಶ ಇರಲಿಲ್ಲ. ಗೋಡೆ ಹಾರಿ ಬಿದ್ದ ಚೆಂಡನ್ನು ಎತ್ತಿ ಕೊಡಬಹುದಿತ್ತು, ಅಷ್ಟೆ. ಹನ್ನೊಂದು ಹುಡುಗರು ಒಂದು ದಿನ ಎತ್ತಿ ಕೊಡಲಿಲ್ಲ. ಚೆಂಡು ತಗೊಂಡು ಓಡಿದರು. ಕ್ಲಬ್ಬು ಹುಟ್ಟಿದ್ದು ಹಾಗೆ. ಆರು ಜನ ಕಾಲೋನಿಯವರು, ಐದು ಜನ ಮೊಹಲ್ಲಾದವರು. ಎಲ್ಲರೂ ಮೂಟೆ ಹೊರುವವರು, ಅಡಿಕೆ ಬೇಯಿಸುವವರು, ಗಾಡಿ ತಳ್ಳುವವರು.

ದಿನವಿಡೀ ಕೂಲಿ ಮಾಡಿ ಸಂಜೆ ಬುಟ್ಟಿ ಹಿಡಿದು ಬರುತ್ತಿದ್ದರು. ಏಳು ತಿಂಗಳು ಸಿಪ್ಪೆ ಹೊತ್ತರು. ತಲೆಗೆ ಸಿಂಬೆ, ಬೆನ್ನಿಗೆ ಗೋಣಿ. ಸಿಪ್ಪೆಯ ಧೂಳು ಕುತ್ತಿಗೆಗೆ ಬಿದ್ದರೆ ಮೈ ಬಾತುಕೊಳ್ಳುವಷ್ಟು ತುರಿಕೆ. ಕೆಮ್ಮಿದರೆ ಕಪ್ಪು ಕಫ. ಸೂಳೆಕೆರೆಯ ಹೂಳು ತುಂಬಿಕೊಂಡು ತೋಟಗಳಿಗೆ ಹೋಗುವ ಗಾಡಿಗಳನ್ನು ತಡೆದು, ಗಾಡಿಯವನಿಗೊಂದು ಬೀಡಿ ಕೊಟ್ಟು, ಎರಡು ಬುಟ್ಟಿ ಮಣ್ಣು ಇಳಿಸಿಕೊಳ್ಳುತ್ತಿದ್ದರು. ಆ ಮಣ್ಣು ಹರಡಿ ಬರಿಗಾಲಿನಲ್ಲಿ ತುಳಿದು ಗಟ್ಟಿ ಮಾಡಿದರು. ಊರಿನವರು ನಕ್ಕು 'ಸಿಪ್ಪೆ ಟೀಮು' ಎಂದರು. ಹುಡುಗರಿಗೂ ಹಟ ಬಂತು. ಹೌದು, ನಾವು ಸಿಪ್ಪೆ ಟೀಮೇ ಎಂದು ಗೋಡೆಯ ಮೇಲೆ ಇದ್ದಲಿನಲ್ಲಿ ಬರೆಸಿದರು.

ಸಿಪ್ಪೆ ತಿಪ್ಪೆಯ ಗುಣ ಬಲ್ಲವರಿಗೇ ಗೊತ್ತು. ಮೇಲೆ ನೋಡಿದರೆ ತಣ್ಣಗೆ ಕಪ್ಪಗೆ ಕೂತಿರುತ್ತದೆ. ಒಳಗೆ ಬೆಂಕಿ ತಿಂಗಳುಗಟ್ಟಲೆ ಉರಿಯುತ್ತಿರುತ್ತದೆ. ಒಂದು ಸಂಜೆ ಬುಟ್ಟಿ ಹೊತ್ತು ನಡೆಯುತ್ತಿದ್ದ ಇಸ್ರಾರನ ಎಡಗಾಲು ಮೇಲ್ಪದರ ಒಡೆದು ಮೊಣಕಾಲಿನವರೆಗೆ ಕೆಂಡಕ್ಕೆ ಇಳಿಯಿತು. ಚಿಕ್ಕಹನುಮಂತಪ್ಪ ಕಂಕುಳಿಗೆ ಕೈ ಹಾಕಿ ಎಳೆದ. ಆಮೇಲೆ ಕಾಲು ಹಿಡಿದು ಎತ್ತಲು ಹೋದರೆ ಚರ್ಮ ಕೈಗೆ ಬಂತು. ಐವತ್ತು ವರ್ಷವಾಯಿತು, ಆ ಜಿಗುಟು ಇನ್ನೂ ಅವನ ಅಂಗೈ ಬಿಟ್ಟಿಲ್ಲ.

ಆ ತಿಪ್ಪೆಯಲ್ಲಿ ಅರ್ಧ ನಾಗೇಂದ್ರಪ್ಪನ ಕಣದ ಸಿಪ್ಪೆ. ಆಸ್ಪತ್ರೆಯ ಖರ್ಚು ತನ್ನ ತಲೆಗೆ ಬಂದೀತೆಂದು ಆ ಮನುಷ್ಯ ಮಾರನೇ ದಿನವೇ ಊರ ತುಂಬ ಹೇಳಿಸಿದ: ಸಾಬರ ಹುಡುಗ ಒಲೆಗೆ ಸಿಪ್ಪೆ ಕದಿಯಲು ಬಂದು ಕಾಲು ಸುಟ್ಟುಕೊಂಡ. ತಿಪ್ಪೆಗೆ ಸುರಿದ ಸಿಪ್ಪೆಯನ್ನು ಯಾರಾದರೂ ಕದಿಯುತ್ತಾರೇನ್ರಿ? ಊರು ನಂಬಿತು. ಊರಿಗೆ ನಂಬುವುದು ಸುಲಭ. ಇಸ್ರಾರ್ 'ಸಿಪ್ಪೆ ಕಳ್ಳ' ಆದ. ಅವನ ಮಕ್ಕಳು ಶಾಲೆಯಲ್ಲಿ ಸಿಪ್ಪೆ ಕಳ್ಳನ ಮಕ್ಕಳಾದರು. ಓಡಲು ಬಾರದ ಕಾಲಿಟ್ಟುಕೊಂಡು ಹದಿನಾಲ್ಕು ವರ್ಷ ಗೋಲು ಕಾಯುವ ಗೋಲಿಯಾಗಿ ನಿಂತವನು ನಾಲ್ಕು ವರ್ಷದ ಹಿಂದೆ ಸತ್ತಾಗಲೂ, ದಫನ್ನಿಗೆ ಹೋಗುವ ದಾರಿಯಲ್ಲಿ ಅಂಗಡಿಯವನೊಬ್ಬ ಇನ್ನೊಬ್ಬನಿಗೆ ಹೇಳಿದ್ದು ಅದೇ ಮಾತು. ಅವನ ಹೆಂಡತಿ ಸುಗ್ರಾಳ ಕಿವಿಗೂ ಅದು ಬಿತ್ತು.

ಕಾರ್ಡು ಹಿಡಿದುಕೊಂಡು ಚಿಕ್ಕಹನುಮಂತಪ್ಪ ಹೋದದ್ದು ಸುಗ್ರಾಳ ಮನೆಗೇ. ಅವಳು ಈಗಲೂ ಹಾಲೇಶಪ್ಪನ ಮಂಡಿಯಲ್ಲಿ ಅಡಿಕೆ ಆರಿಸುತ್ತಾಳೆ. ಬೆರಳಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿವೆ, ಸೊಂಟ ಬಾಗಿದೆ.

"ಭಯ್ಯಾ, ಶಾಲು ಹಾಕಲಿ ಬಿಡ್ಲಿ, ನಂಗೆ ಅದು ಬ್ಯಾಡ" ಎಂದಳು. "ಪುಸ್ತಕ ಮಾಡ್ತಾರಂತೆ. ಅದ್ರಾಗೆ ಒಂದು ಸಾಲು ಬರ್ಬೇಕು. ಇಸ್ರಾರ್ ಕಾಲು ಸುಟ್ಕೊಂಡಿದ್ದು ಮೈದಾನ ಮಾಡಾಕೆ ಹೋಗಿ, ಕದಿಯಾಕೆ ಅಲ್ಲ ಅಂತ. ಒಂದೇ ಸಾಲು. ಇನ್ನೇನೂ ಕೇಳಲ್ಲ ನಾನು."

"ಬರೆಸ್ತೀನಿ."

"ಖರೇ?"

"ನನ್ನ ಕೈಯಾರೆ ಎಳೆದಿದೀನಿ ಅವನನ್ನ. ಬರೆಸ್ತೀನಿ ಅಂದ್ಮೇಲೆ ಬರೆಸ್ತೀನಿ."

ಸ್ಮರಣ ಸಂಚಿಕೆ ಬರೆಯುತ್ತಿದ್ದವರು ಕಾಲೇಜಿನ ಕನ್ನಡ ಮೇಡಂ ವನಜಾಕ್ಷಿ. ಕೆಟ್ಟವರಲ್ಲ. ಕುರ್ಚಿ ಹಾಕಿ ಕೂರಿಸಿದರು, ಟೀ ತರಿಸಿದರು, ಎಲ್ಲರ ಲೋಟದಂಥದೇ ಲೋಟದಲ್ಲಿ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೀರುವಿನಿಂದ ಕ್ಲಬ್ಬಿನ ಹಳೆಯ ನಡಾವಳಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ಹಾಲೇಶಪ್ಪನವರು ಕೊಟ್ಟಿದ್ದು. ನೀವೇ ನೋಡಿ ಅಪ್ಪಾರೆ."

ಪ್ರತಿ ಪುಟದಲ್ಲೂ ಮೊದಲ ಸಾಲು, ಉದ್ದದ ಸಹಿ: ನಾಗೇಂದ್ರಪ್ಪ. ಅದರ ಕೆಳಗೆ ೧, ೨, ೩... ಹನ್ನೊಂದರವರೆಗೆ ಬರೀ ಅಂಕಿ.

ಚಿಕ್ಕಹನುಮಂತಪ್ಪ ಆ ಅಂಕಿಗಳನ್ನು ಗುರುತಿಸಿದ. ಇದು ಹನ್ನೊಂದು ಜನ ತಾವೇ ಮಾಡಿಕೊಂಡ ಎಡವಟ್ಟು. ಸಂಘ ರಿಜಿಸ್ಟರ್ ಮಾಡಿಸಲು ಶಿವಮೊಗ್ಗಕ್ಕೆ ಹೋದಾಗ ಗುಮಾಸ್ತ ಕಚೇರಿಯ ವಿಳಾಸ ಕೇಳಿದ್ದ. ಹನ್ನೊಂದು ಜನರಲ್ಲಿ ಒಬ್ಬನ ಮನೆಗೂ ಡೋರ್ ನಂಬರ್ ಇರಲಿಲ್ಲ. ಬೇರೆ ದಾರಿ ಕಾಣದೆ ನಾಗೇಂದ್ರಪ್ಪನ ಮಂಡಿಯ ವಿಳಾಸ ಬೇಡಿಕೊಂಡರು. ಹಾಗಾದರೆ ಅಧ್ಯಕ್ಷ ನಾನೇ ಎಂದ ಆತ. ಆಗಲಿ ಸ್ವಾಮಿ ಎಂದರು. ಅಂದಿನಿಂದ ಪ್ರತಿ ಸಭೆಯಲ್ಲೂ ಮೊದಲ ಸಾಲು ಖಾಲಿ ಬಿಟ್ಟು, ಪುಸ್ತಕವನ್ನು ಮಂಡಿಗೆ ಕಳಿಸಿ ಸಹಿ ಹಾಕಿಸಿಕೊಂಡು ಬರುವುದು ಪದ್ಧತಿಯಾಯಿತು. ದೊಡ್ಡವರಿಗೆ ಮರ್ಯಾದೆ! ಥೂ, ಆ ಮರ್ಯಾದೆಗಿಷ್ಟು ಬೆಂಕಿ ಹಾಕ. ಹನ್ನೊಂದು ಜನರಲ್ಲಿ ಸಹಿ ಬರುತ್ತಿದ್ದದ್ದು ಇಬ್ಬರಿಗೆ. ಉಳಿದವರು ಹೆಬ್ಬೆಟ್ಟು ಒತ್ತಲು ನಾಚಿ, ಜೆರ್ಸಿಯ ಬೆನ್ನಿನ ಅಂಕಿಯನ್ನೇ ಬರೆದರು. ಸಹಿ ಬರುವ ಇಬ್ಬರೂ ನಾವೇನು ಮೇಲೇ ಎಂದು ಅಂಕಿಯನ್ನೇ ಬರೆದರು. ಅದು ಅವರಿಗೆ ಜಂಬದ ವಿಷಯವಾಗಿತ್ತು. ಚಿಕ್ಕಹನುಮಂತಪ್ಪನ ಅಂಕಿ ಮೂರು. ಇಸ್ರಾರನದು ಒಂದು.

"ಇದ್ರಾಗೆ ಒಂದೇ ಹೆಸರು ಇರೋದು ಅಪ್ಪಾರೆ. ನಾನು ದಾಖಲೆ ಇಲ್ಲದೆ ಹೆಂಗೆ ಬರೀಲಿ?"

"ನಾನು ಇದೀನಲ್ಲಮ್ಮ. ನಾನು ದಾಖಲೆ ಅಲ್ವಾ?"

ಮೇಡಂ ತಲೆ ತಗ್ಗಿಸಿದರು. ನಡಾವಳಿ ಪುಸ್ತಕ ಮುಚ್ಚುತ್ತಾ ಹೇಳಿದರು: "ಒಬ್ಬರ ಮಾತು ಸಾಲಲ್ಲ. ಆಗಿನ ಆಟಗಾರರು ಇನ್ಯಾರಾದ್ರೂ ಬದುಕಿದ್ರೆ ಕರ್ಕೊಂಡು ಬನ್ನಿ. ಸಮಾರಂಭದ ದಿನ ಎಲ್ಲರ ಮುಂದೆ ಇಬ್ಬರೂ ಒಂದೇ ಮಾತು ಹೇಳಿ. ಪುಸ್ತಕ ಅಚ್ಚಾಗೋದು ಅದಾದ ಮೇಲೆ. ಅಷ್ಟು ಜನದ ಮುಂದೆ ಹೇಳಿದ್ದನ್ನ ನಾನು ಬರೆದರೆ ಯಾರೂ ತೆಗೆಯಾಕೆ ಆಗಲ್ಲ."

ಬದುಕಿದ್ದವನು ಇನ್ನೊಬ್ಬನೇ. ಹತ್ತನೇ ನಂಬರಿನ ತಿಪ್ಪೇರುದ್ರ. ಅವನೂ ಕಾಲೋನಿಯವನೇ, ಹೆಂಡತಿಯ ಊರು ಜಗಳೂರಿಗೆ ಹೋಗಿ ನೆಲೆಸಿದ್ದ. ಚಿಕ್ಕಹನುಮಂತಪ್ಪ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ತಿಪ್ಪೇರುದ್ರ ಅವನನ್ನು ನೋಡಿದವನೇ ತಬ್ಬಿಕೊಂಡ. ಇಬ್ಬರೂ ಅತ್ತರು. ರೊಟ್ಟಿ ತಿನ್ನುತ್ತಾ ಹಳೆಯ ಮ್ಯಾಚುಗಳನ್ನೆಲ್ಲ ಮತ್ತೆ ಆಡಿದರು. ಹೊನ್ನಾಳಿಯಲ್ಲಿ ಕಪ್ಪು ಗೆದ್ದ ದಿನ ಹೋಟೆಲಿನವನು ಲೋಟ ಕೊಡದೆ ಬೊಗಸೆಗೆ ನೀರು ಹುಯ್ದದ್ದು, ಆ ಗೆದ್ದ ಕಪ್ಪಿಗೇ ನೀರು ಹುಯ್ಯಿಸಿಕೊಂಡು ಹನ್ನೊಂದು ಜನ ಕುಡಿದದ್ದು, ಎಲ್ಲ.

"ಬರ್ತೀನಿ ಹೋಗಲೇ" ಎಂದ ತಿಪ್ಪೇರುದ್ರ. "ಇಸ್ರಾರನ್ನ ಎಳೆದೋನು ನೀನು. ಕಾಲಿಗೆ ನೀರು ಹುಯ್ದೋನು ನಾನು. ನಾವು ಹೇಳ್ದೆ ಇನ್ಯಾರು ಹೇಳ್ತಾರೆ?"

ಸಮಾರಂಭದ ದಿನ ನಸುಕಿಗೇ ಚಿಕ್ಕಹನುಮಂತಪ್ಪ ಸುಣ್ಣ ಕಲಸಿದ. ಗೆರೆ ಎಳೆಯುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ತನ್ನ ಮೈದಾನ, ತನ್ನ ಗೆರೆ. ಹಗ್ಗ ಕಟ್ಟಿ, ಮಂಡಿಯೂರಿ, ಡಬ್ಬದಿಂದ ಸುರಿಯುತ್ತಾ ನಾಲ್ಕು ಗಂಟೆ ಎಳೆದ. ಸುಣ್ಣ ಬೆರಳಿನ ಸಂದುಗಳನ್ನು ತಿಂದಿತು. ಮಂಡಿಯ ಚಿಪ್ಪು ನೆಲಕ್ಕೆ ಒತ್ತಿ ಕಣ್ಣು ಕತ್ತಲೆ ಬಂತು. ಮಧ್ಯದ ವೃತ್ತ ಮಾತ್ರ ಒಂದು ಕೂದಲೆಳೆಯಷ್ಟೂ ಸೊಟ್ಟ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜನ ತುಂಬಿತು. ಸ್ಟೇಜಿನ ಮೇಲೆ ನಾಗೇಂದ್ರಪ್ಪನ ಆಳೆತ್ತರದ ಫೋಟೋ, ಅದಕ್ಕೆ ಅಡಿಕೆ ಹಾರ. ಹಾಲೇಶಪ್ಪ ಬಿಳಿ ಬಟ್ಟೆಯಲ್ಲಿ ಓಡಾಡುತ್ತಿದ್ದ. ಬೇಲಿಯ ಆಚೆ ಹೆಂಗಸರ ನಡುವೆ ಸುಗ್ರಾ ನಿಂತಿದ್ದಳು. ಆ ದಿನದ ಕೂಲಿ ಬಿಟ್ಟು, ಒಗೆದ ಬುರ್ಖಾ ಹಾಕಿಕೊಂಡು ಬಂದಿದ್ದಳು.

ಮೊದಲು ತಿಪ್ಪೇರುದ್ರನನ್ನು ಮೈಕಿಗೆ ಕರೆದರು. ಅವನು ಜೇಬಿನಿಂದ ಚೀಟಿ ತೆಗೆದ. ಚೀಟಿಯ ಮಾತು ಜಗಳೂರಿನಲ್ಲಿ ಬಂದೇ ಇರಲಿಲ್ಲ.

"ಪೂಜ್ಯ ನಾಗೇಂದ್ರಪ್ಪನವರು ನಮ್ಮಂಥ ಬಡ ಹುಡುಗರಿಗೆ ಜಾಗ ಕೊಟ್ಟು, ಚೆಂಡು ಕೊಟ್ಟು, ಈ ಕ್ಲಬ್ ಕಟ್ಟಿದರು..."

ಚಪ್ಪಾಳೆ ಬಿತ್ತು. ತಿಪ್ಪೇರುದ್ರ ಶಾಲು ಹೊದ್ದುಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ತಲೆ ಎತ್ತಲಿಲ್ಲ.

"ಏನಲೇ ಇದು?"

"ನಿನ್ನೆ ಹಾಲೇಶಪ್ಪನೋರು ಫೋನ್ ಮಾಡಿದ್ರು ಕಣೋ. ಮೊಮ್ಮಗಳು ರಕ್ಷಾಗೆ ಅವರ ಸ್ಕೂಲಾಗೆ ಟೀಚರ್ ಕೆಲಸ ಕೊಡ್ತಾರಂತೆ. ಮೂರು ವರ್ಷದಿಂದ ಓದಿ ಮನೇಲಿ ಕುಂತೈತೆ ಕೂಸು." ಅವನು ಶಾಲನ್ನು ಮಡಿಲಿಗೆ ಇಳಿಸಿದ. "ನನ್ನ ಬೈಯಲೇ. ಉಗಿ ಬೇಕಾದ್ರೆ. ನಾನೇನು ಮಾಡ್ಲಿ?"

ಚಿಕ್ಕಹನುಮಂತಪ್ಪ ಬೈಯಲಿಲ್ಲ. ಬೈಯುವಷ್ಟು ಹೊತ್ತೂ ಇರಲಿಲ್ಲ. ಅವನ ಹೆಸರು ಕೂಗಿದರು: "ಐವತ್ತು ವರ್ಷಗಳಿಂದ ಮೈದಾನದ ನಿಷ್ಠಾವಂತ ಸೇವಕ..." ಹಾಲೇಶಪ್ಪ ಶಾಲು ಬಿಡಿಸಿ ಹಿಡಿದುಕೊಂಡು ನಗುತ್ತಾ ಬಂದ. ಚಿಕ್ಕಹನುಮಂತಪ್ಪ ಅವನ ಕೈ ತಳ್ಳಿ ಮೈಕಿನ ಮುಂದೆ ಹೋಗಿ ನಿಂತ.

"ಶಾಲು ಬ್ಯಾಡ" ಎಂದ. "ನಾನು ಸೇವಕ ಅಲ್ಲ. ಮೂರನೇ ನಂಬರು. ಈ ಮೈದಾನನ ನಾಗೇಂದ್ರಪ್ಪ ಮಾಡ್ಲಿಲ್ಲ. ಅವನ ಸಿಪ್ಪೆ ಹೊತ್ತು ನಾವು ಮಾಡಿದ್ವಿ. ಹನ್ನೊಂದು ಜನ. ಹೆಸರು ಹೇಳ್ತೀನಿ, ಮೇಡಂ ಬರಕೊಳ್ಳಿ."

ಹಾಲೇಶಪ್ಪ ಶಾಲು ಹಿಡಿದುಕೊಂಡೇ ನಿಂತಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಸಿಪ್ಪೆ ಟೀಮಿನಲ್ಲಿ ಮ್ಯಾಚಿಗೆ ಮುಂಚೆ ಹಾಜರಿ ಕೂಗುವ ಪದ್ಧತಿ ಹನ್ನೊಂದರಿಂದ ಒಂದಕ್ಕೆ. ಗೋಲಿ ಎಲ್ಲರ ಬೆನ್ನಿಗೆ ನಿಲ್ಲುವವನು, ಅವನ ಹೆಸರು ಕೊನೆಗೆ. ಅದು ಅವನಿಗೆ ಕೊಡುವ ಮರ್ಯಾದೆ. ಇಸ್ರಾರ್ ಎಂದು ಕೂಗಿದಾಗ ಹತ್ತೂ ಜನ ಒಟ್ಟಿಗೆ ಹಾಜರ್ ಎನ್ನುತ್ತಿದ್ದರು. ಎಷ್ಟೋ ವರ್ಷ ಹಾಗೇ ಕೂಗಿದ ನಾಲಿಗೆ. ಆ ನಾಲಿಗೆ ಅಲ್ಲೂ ಹಾಗೇ ಹೊರಳಿತು.

"ಹನ್ನೊಂದು, ಮತೀನ್. ಹತ್ತು, ಇಗೋ ಇಲ್ಲೇ ಕುಂತಾನೆ, ತಿಪ್ಪೇರುದ್ರ. ಒಂಬತ್ತು, ದುರುಗಪ್ಪ. ಎಂಟು, ಪೀರ್‌ಸಾಬ್. ಏಳು, ಕೆಂಚಪ್ಪ..."

ಮೈಕು ಸತ್ತಿತು. ಹಾಲೇಶಪ್ಪ ಕಣ್ಣು ಹೊಡೆದದ್ದನ್ನು ಮುಂದಿನ ಸಾಲಿನವರೆಲ್ಲ ನೋಡಿದರು. ಮರುಕ್ಷಣ ಬ್ಯಾಂಡಿನವರು ತಮಟೆ, ಕಹಳೆ ಎಲ್ಲ ಒಟ್ಟಿಗೆ ಎತ್ತಿದರು. ಚಿಕ್ಕಹನುಮಂತಪ್ಪ ಕೂಗುತ್ತಲೇ ಇದ್ದ. ಆರು ಕೂಗಿದ, ಐದು ಕೂಗಿದ. ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೆ. ಇಬ್ಬರು ಬಂದು ರಟ್ಟೆ ಹಿಡಿದು ಮೆಟ್ಟಿಲಿನಿಂದ ಇಳಿಸಿದರು. ಬೇಲಿಯ ಆಚೆ ಸುಗ್ರಾ ಕಿವಿಗೆ ಕೈ ಒತ್ತಿಕೊಂಡು ಮುಂದಕ್ಕೆ ಬಾಗಿ ನಿಂತಿದ್ದಳು. ಇನ್ನೂ ಕಾಯುತ್ತಿದ್ದಳು.

ಅವಳನ್ನು ನೋಡಿದಾಗ ಅವನಿಗೆ ತನ್ನ ತಪ್ಪು ಹೊಳೆಯಿತು. ಒಂದರಿಂದ ಶುರು ಮಾಡಬೇಕಿತ್ತು! ಬಾಯಿ ತೆರೆದ ಕೂಡಲೇ ಇಸ್ರಾರ್ ಎನ್ನಬೇಕಿತ್ತು, ಕಾಲಿನ ವಿಷಯ ಹೇಳಿಬಿಡಬೇಕಿತ್ತು. ಅಯ್ಯೋ ಮುಠ್ಠಾಳ, ಅಯ್ಯೋ ನನ್ನ ಹಾಳು ನಾಲಿಗೆಯೇ ಎಂದು ಹಣೆ ಹಣೆ ಚಚ್ಚಿಕೊಂಡ.

ಆಮೇಲೆ ಅವನು ಚಪ್ಪಲಿ ಬಿಟ್ಟ. ಮೈದಾನಕ್ಕೆ ಇಳಿದ. ಬೆಳಗ್ಗೆ ಎಳೆದ ಗೆರೆಗಳನ್ನು ಬರಿಗಾಲಿನಲ್ಲಿ ಉಜ್ಜತೊಡಗಿದ. ಗೋಲಿನ ಗೆರೆ ಉಜ್ಜಿದ. ಪೆನಾಲ್ಟಿ ಚೌಕ ಉಜ್ಜಿದ. ಸುಣ್ಣ ಹಿಮ್ಮಡಿಯ ಬಿರುಕುಗಳಿಗೆ ಇಳಿದು ಉರಿಯಿತು. ಉರಿಯಲಿ ಎಂದ. ಹೊನ್ನಾಳಿಯ ಹುಡುಗರೂ ನ್ಯಾಮತಿಯ ಹುಡುಗರೂ ಬೂಟು ಕಟ್ಟುವುದನ್ನು ನಿಲ್ಲಿಸಿ ನೋಡಿದರು. ಯಾರೋ ಸಿಳ್ಳೆ ಹಾಕಿದರು. ಹಲವರು ಮೊಬೈಲು ಎತ್ತಿದರು. ಮಧ್ಯದ ವೃತ್ತದ ಅರ್ಧ ಅಳಿಸುವಷ್ಟರಲ್ಲಿ ಅವನು ಉಸಿರು ಕಟ್ಟಿ ಕುಕ್ಕರಿಸಿದ.

ಪೊಲೀಸರನ್ನು ಕರೆಯಲೂ ಇಲ್ಲ. ಅಷ್ಟೂ ಬೆಲೆ ಇರಲಿಲ್ಲ ಅವನಿಗೆ. ಹಾಲೇಶಪ್ಪ ದೂರದಿಂದಲೇ, "ವಯಸ್ಸಾಗೈತೆ, ತಲೆ ನಿಲ್ಲಲ್ಲ, ಬಿಟ್ಬಿಡ್ರಿ ಪಾಪ" ಎಂದ. ಆ ಪಾಪ ಎಂಬ ಮಾತು ಒದೆಗಿಂತ ಜೋರಾಗಿ ಬಿತ್ತು. ಡಬ್ಬ ಹಿಡಿದುಕೊಂಡು ಗೆರೆ ಎಳೆಯಲು ಬಂದವನು ಕಾಲೋನಿಯ ಅಂಜಮ್ಮನ ಅಳಿಯ, ಕಸದ ಗಾಡಿಯಲ್ಲಿ ಕೆಲಸ ಮಾಡುವವನು. ಅವನು ಪಕ್ಕದಲ್ಲಿ ಬಗ್ಗಿ ಮೆಲ್ಲಗೆ ಹೇಳಿದ: "ಸ್ವಲ್ಪ ಆ ಕಡೆ ಸರೀರಿ ದೊಡ್ಡಪ್ಪ. ಬೈಬ್ಯಾಡ್ರಿ. ಕೆಲಸ ಕಾಯಂ ಮಾಡಿಸ್ತೀನಿ ಅಂದಾರೆ."

ಚಿಕ್ಕಹನುಮಂತಪ್ಪ ಸರಿದ. ಕಾಲು ಗಂಟೆಯಲ್ಲಿ ಗೆರೆ ಎದ್ದವು. ಸೊಟ್ಟಪಟ್ಟ ಗೆರೆ. ಅದರ ಮೇಲೆಯೇ ಆಟ ನಡೆಯಿತು, ಜನ ಕುಣಿದರು.

ಮಾರನೇ ದಿನ ಸುಗ್ರಾ ಮಂಡಿಗೆ ಹೋದಾಗ ರೈಟರು ಬಾಗಿಲಲ್ಲೇ ತಡೆದು, ಇನ್ನು ಬರೋದು ಬೇಡ ಎಂದ. ಕಾರಣ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಈಗ ಅವಳು ಸಂತೇಬೆನ್ನೂರಿನ ಸಂತೆಗೆ ಹೋಗಿ ಬೆಳ್ಳುಳ್ಳಿ ಬಿಡಿಸಿ ಕೊಡುತ್ತಾಳೆ.

ಒಂದೂವರೆ ತಿಂಗಳಿಗೆ ಪುಸ್ತಕ ಬಂತು. ವನಜಾಕ್ಷಿ ಮೇಡಂ ತಾವೇ ಬಂದು ಚಿಕ್ಕಹನುಮಂತಪ್ಪನ ಕೈಗೆ ಒಂದು ಪ್ರತಿ ಕೊಟ್ಟರು. ಕೂರಲಿಲ್ಲ. "ನಾನು ಬರೆದು ಕೊಟ್ಟಿದ್ದೆ ಅಪ್ಪಾರೆ" ಎಂದರು. "ತೆಗೆದುಬಿಟ್ಟರು." ಅಷ್ಟು ಹೇಳಿ ಹೋದರು. ಅವರು ಜಗಳ ಆಡಿದರೋ ಇಲ್ಲವೋ, ಅದನ್ನು ಅವರೂ ಹೇಳಲಿಲ್ಲ.

ಅವನು ಪುಸ್ತಕ ತಗೊಂಡು ಸುಗ್ರಾಳ ಮನೆಗೆ ಹೋದ. ಹೋಗದೇ ಇರಬಹುದಿತ್ತು. ಮಾತು ಕೊಟ್ಟವನು ಮುಖ ತಪ್ಪಿಸಬಾರದು ಎಂದು ಹೋದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಪುಟ ತಿರುವುತ್ತಾ ಹೋದರೆ ಒಂದು ಕಡೆ ಹಳೆಯ ಫೋಟೋ ಸಿಕ್ಕಿತು. ಕುರ್ಚಿಯಲ್ಲಿ ನಾಗೇಂದ್ರಪ್ಪ. ಹಿಂದೆ ಹನ್ನೊಂದು ಹುಡುಗರು. ತುದಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಚೆಂಡು ಹಿಡಿದು ನಗುತ್ತಿರುವ ಇಸ್ರಾರ್.

"ಯಾ ಅಲ್ಲಾ" ಎಂದು ಅವಳು ಆ ಮುಖ ಮುಟ್ಟಿದಳು. ಆಮೇಲೆ ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟಳು. "ಇಲ್ಲಿ ಏನು ಬರೆದಾರೆ? ಹೆಸರು ಐತಾ?"

"'ಸ್ಥಾಪಕರಾದ ನಾಗೇಂದ್ರಪ್ಪನವರು ಮತ್ತು ಇತರರು' ಅಂತ ಐತೆ."

"ಇತರರು ಅಂದ್ರೆ ಯಾರು?"

"ನಾವು."

"ಹನ್ನೊಂದು ಜನಾನೂ?"

"ಹನ್ನೊಂದು ಜನಾನೂ."

"ಕಾಲಿನ ವಿಷಯ?"

"ಇಲ್ಲ ಸುಗ್ರಾ. ಎಲ್ಲೂ ಇಲ್ಲ."

ಅವಳು ಎದ್ದು ಗೂಡಿನಲ್ಲಿದ್ದ ಪೆನ್ನು ತಂದು ಅವನ ಮುಂದೆ ಹಿಡಿದಳು. "ನಿಂಗೆ ಬರೀಲಿಕ್ಕೆ ಬರ್ತದಲ್ಲ. ನೀನೇ ಬರಿ."

"ಇದ್ರಾಗೆ ಬರೆದ್ರೆ ಏನಾಗ್ತೈತೆ?"

"ಏನೂ ಆಗಲ್ಲ. ಬರಿ."

ಸುಣ್ಣ ತಿಂದ ಬೆರಳುಗಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಈ ಸಲ ಅವನು ಒಂದರಿಂದ ಶುರು ಮಾಡಿದ. ಇಸ್ರಾರ್. ಫೋಟೋದ ಕೆಳಗೆ ಜಾಗ ಸಾಲದೆ, ಪಕ್ಕದ ಪುಟದ ಅಡಿಕೆ ಮಂಡಿಯ ಶುಭಾಶಯದ ಜಾಹೀರಾತಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆಯುತ್ತಾ ಹೋದ. ಹನ್ನೊಂದೂ ಬರೆದ.

"ಕಳ್ಳ ಅಲ್ಲ ಅಂತಾನೂ ಬರಿ" ಎಂದಳು ಸುಗ್ರಾ.

ಅದನ್ನೂ ಬರೆದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆಲ್ಲ ಸಾವಿರ ಪ್ರತಿ ಹಂಚಿದ್ದರು. ಇಸ್ರಾರ್ ಕಳ್ಳನಲ್ಲ ಎಂದು ಇದ್ದದ್ದು ಈ ಒಂದರಲ್ಲಿ. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತವಳಿಗೆ ಓದಲು ಬರುತ್ತಿರಲಿಲ್ಲ.